ಕಾಣೆಯಾದ ಇಪ್ಪತ್ತೈದು ನಿಮಿಷ

‘ಕಾಸಾಬ್ಲಾಂಕಾ’ದ ಕಥೆ ಏನು ಅಂತ ಜರ್ಮನಿಯಲ್ಲಿ ಯಾರನ್ನಾದರೂ ಕೇಳುವ ಮೊದಲು ಅವರ ವಯಸ್ಸು ಕೇಳಬೇಕು. 1975ರ ನಂತರ ಟಿವಿಯಲ್ಲಿ ನೋಡಿದವರಾದರೆ ನಮಗೆಲ್ಲ ಗೊತ್ತಿರುವ ಕಥೆಯನ್ನೇ ಹೇಳುತ್ತಾರೆ: ನಾಜಿಗಳಿಂದ ತಪ್ಪಿಸಿಕೊಂಡು ಬಂದ ಹೋರಾಟಗಾರ ವಿಕ್ಟರ್ ಲಾಸ್ಲೊ, ಅವನ ಹೆಂಡತಿ ಇಲ್ಸಾ, ಅವಳ ಹಳೆಯ ಪ್ರೇಮಿ ರಿಕ್, ಬೆನ್ನು ಹತ್ತಿ ಬಂದ ಜರ್ಮನ್ ಮೇಜರ್ ಸ್ಟ್ರಾಸರ್. 1952ರಲ್ಲಿ ಥಿಯೇಟರಿನಲ್ಲಿ ನೋಡಿದವರ ಕಥೆ ಬೇರೆ. ಅದರಲ್ಲಿ ಲಾಸ್ಲೊ ಇಲ್ಲ, ನಾರ್ವೆಯ ಪರಮಾಣು ವಿಜ್ಞಾನಿ ವಿಕ್ಟರ್ ಲಾರ್ಸನ್ ಇದ್ದಾನೆ. ಅವನು ಅದೇನೋ ಡೆಲ್ಟಾ ಕಿರಣ ಕಂಡುಹಿಡಿದಿದ್ದಾನಂತೆ. ಮೇಜರ್ ಸ್ಟ್ರಾಸರ್ ಇಲ್ಲವೇ ಇಲ್ಲ. ರಿಕ್‌ನ ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳ ಹಾಡನ್ನು ಫ್ರೆಂಚ್ ರಾಷ್ಟ್ರಗೀತೆ ಮುಳುಗಿಸುವ ದೃಶ್ಯವೂ ಇಲ್ಲ. 102 ನಿಮಿಷದ ಸಿನಿಮಾದಲ್ಲಿ ಸುಮಾರು 25 ನಿಮಿಷ ಕತ್ತರಿಗೆ ಹೋಗಿತ್ತು. ಉಳಿದದ್ದಕ್ಕೆ ಬೇರೆ ಸಂಭಾಷಣೆ ಬರೆದು ಡಬ್ ಮಾಡಿದ್ದರು.

ಸ್ಟ್ರಾಸರ್ ಪಾತ್ರ ಮಾಡಿದವನು ಕಾನ್ರಾಡ್ ಫೈಟ್. 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವನು. 1920ರ ‘ಡಾಕ್ಟರ್ ಕ್ಯಾಲಿಗರಿ’ಯಲ್ಲಿ ನಿದ್ದೆಗಣ್ಣಿನಲ್ಲಿ ನಡೆದು ಕೊಲೆ ಮಾಡುವ ಸೆಸಾರೆಯಾಗಿ ಜಗತ್ತಿಗೇ ಪರಿಚಿತನಾದ. 1933ರಲ್ಲಿ ಯಹೂದಿ ಹೆಂಡತಿಯನ್ನು ಕರೆದುಕೊಂಡು ದೇಶ ಬಿಟ್ಟ. ಹಾಲಿವುಡ್ಡಿನಲ್ಲಿ ಅವನ ಪಾಲಿಗೆ ಬಂದದ್ದು ಹೆಚ್ಚಾಗಿ ನಾಜಿಗಳ ವೇಷ. 1943ರಲ್ಲಿ ಅಲ್ಲೇ ತೀರಿಕೊಂಡ. ನಾಜಿಗಳ ಕಾಲದಲ್ಲಿ ಊರು ಬಿಟ್ಟ ನಟ ನಾಜಿಯ ವೇಷದಲ್ಲಿ ತೆರೆಯ ಮೇಲೆ ಊರಿಗೆ ಮರಳಿದಾಗ, ಊರು ಅವನನ್ನು ಇಡಿಯಾಗಿ ಕತ್ತರಿಸಿ ತೆಗೆಯಿತು.

ಜರ್ಮನಿಯಲ್ಲಿ ಹಳೆಯ ಹಾಲಿವುಡ್ ಸಿನಿಮಾ ಕೂಡಿಡುವ ನನ್ನಂಥವರ ಹುಚ್ಚು ಇಂಥ ಜಾಗದಿಂದಲೇ ಶುರುವಾಗುತ್ತದೆ. ಬೇರೆ ಕಡೆ ಸಂಗ್ರಹಕಾರ ‘ಇದು ನನ್ನ ಹತ್ತಿರ ಇದೆಯೋ ಇಲ್ಲವೋ’ ಅಂತ ಕೇಳಿಕೊಂಡರೆ ಸಾಕು. ಇಲ್ಲಿ ‘ಯಾವುದು ಇದೆ’ ಅಂತ ಕೇಳಿಕೊಳ್ಳಬೇಕು. ಯಾವ ವರ್ಷದ ಡಬ್ಬಿಂಗ್? ಎಷ್ಟು ನಿಮಿಷ? ಯಾರ ದನಿ? ಒಂದು ದೇಶ ತನ್ನ ಬಗ್ಗೆ ಪರದೇಶದಲ್ಲಿ ಹೇಳಿದ್ದನ್ನು ಯಾವ ವರ್ಷ ಎಷ್ಟು ಕೇಳಿಸಿಕೊಳ್ಳಲು ತಯಾರಿತ್ತು ಅನ್ನುವ ಲೆಕ್ಕ ಈ ಕ್ಯಾಸೆಟ್ಟುಗಳ ಬೆನ್ನಿನ ಮೇಲೆ ನಿಮಿಷಗಳಲ್ಲಿ ಬರೆದಿರುತ್ತದೆ.

ನಾನು ಕೆಲಸಕ್ಕೆ ಸೇರಿದ್ದು ಬೆಂಗಳೂರಿನ ಆಡುಗೋಡಿಯಲ್ಲಿದ್ದ, ಬಾಷ್ ಬಳಗದ ಮೈಕೋದಲ್ಲಿ. ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪಂಪು ನಮ್ಮ ವಿಭಾಗದ ಕೆಲಸ. 1980ರ ದಶಕದ ಮೊದಲರ್ಧದಲ್ಲಿ ತರಬೇತಿಗೆಂದು ಸ್ಟುಟ್‌ಗಾರ್ಟಿನ ಫಾಯರ್‌ಬಾಖ್‌ನಲ್ಲಿರುವ ಬಾಷ್ ಕಾರ್ಖಾನೆಗೆ ಬಂದವನು ಕೊನೆಗೆ ಇಲ್ಲೇ ನೆಲೆ ನಿಂತೆ. ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ರೆಸಿಡೆನ್ಸಿ ರಸ್ತೆಯ ಗೆಲಾಕ್ಸಿ, ಇವೇ ನನಗೆ ಇಂಗ್ಲಿಷ್ ಕಲಿಸಿದ ಶಾಲೆಗಳು. ಆ ದನಿಗಳನ್ನು ಕಿವಿಯಲ್ಲಿ ತುಂಬಿಕೊಂಡು ಬಂದವನು ಇಲ್ಲಿ ಮೊದಲ ಸಲ ಟಿವಿ ಹಾಕಿದಾಗ ಜಾನ್ ವೇಯ್ನ್ ಜರ್ಮನ್ ಮಾತಾಡುತ್ತಿದ್ದ.

ಕನ್ನಡಿಗನಿಗೆ ಇದು ಎಷ್ಟು ವಿಚಿತ್ರ ಅಂತ ಬಿಡಿಸಿ ಹೇಳಬೇಕಿಲ್ಲ. ಅನಕೃ ಮುಂತಾದವರ ಕಾಲದಿಂದ ನಾವು ಡಬ್ಬಿಂಗನ್ನು ಊರ ಹೊರಗೇ ನಿಲ್ಲಿಸಿದವರು. 2015ರಲ್ಲಿ ಸ್ಪರ್ಧಾ ಆಯೋಗ ತಡೆಯುವಂತಿಲ್ಲ ಎಂದು ಆದೇಶ ಕೊಡುವವರೆಗೂ ಆ ಬಾಗಿಲು ಸರಿಯಾಗಿ ತೆರೆದಿರಲಿಲ್ಲ. ಜರ್ಮನಿಯಲ್ಲಿ ಡಬ್ಬಿಂಗ್ ಆಗದ ಸಿನಿಮಾವೇ ಅಪರೂಪ. ದನಿ ಕೊಟ್ಟವರಿಗೂ ನಟರಷ್ಟೇ ಹೆಸರು. ವೇಯ್ನ್ ಅಂದರೆ ಆರ್ನಾಲ್ಡ್ ಮಾರ್ಕ್ವಿಸ್, ಕ್ಯಾರಿ ಗ್ರಾಂಟ್ ಅಂದರೆ ಕುರ್ಟ್ ಆಕರ್‌ಮನ್, ಜೇಮ್ಸ್ ಸ್ಟುವರ್ಟ್ ಅಂದರೆ ಸೀಗ್‌ಮಾರ್ ಷ್ನೈಡರ್. ನಮ್ಮ ವಿಭಾಗದ ಹಿರಿಯ ಫೋರ್‌ಮನ್ ಒಬ್ಬರಿಗೆ ನಾನು ವೇಯ್ನ್‌ನ ನಿಜವಾದ ದನಿ ಕೇಳಿಸಿದಾಗ ಅವರು ಮುಖ ಸಿಂಡರಿಸಿ, “ಇವನು ಯಾರೋ ಬೇರೆ” ಅಂದರು. ಅವರೇ ನನಗೆ ಡೆಲ್ಟಾ ಕಿರಣದ ‘ಕಾಸಾಬ್ಲಾಂಕಾ’ದ ಕಥೆ ಹೇಳಿದ್ದು. ಕೆಲಸ ಕಲಿಯುವ ಹುಡುಗನಾಗಿದ್ದಾಗ ನೋಡಿದ್ದರಂತೆ. ಪೂರ್ತಿ ಸಿನಿಮಾ ಟಿವಿಯಲ್ಲಿ ಬಂದಾಗ ಅವರಿಗೆ ಸಿಟ್ಟು ಬಂದದ್ದು ಸಿನಿಮಾದ ಮೇಲಲ್ಲ. “ಅಂದು ನಮಗೆ ಇಪ್ಪತ್ತು ದಾಟಿರಲಿಲ್ಲ. ಯುದ್ಧ ನೋಡಿದ ಕಣ್ಣಿಗೆ ಸಿನಿಮಾ ತೋರಿಸಲು ಯಾಕೆ ಹೆದರಿದರು?” ಅಂತ ಕೇಳುತ್ತಿದ್ದರು.

ಹೆದರಿಕೆಗೆ ವ್ಯಾಪಾರದ ಕಾರಣವಿತ್ತು. ಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಅಮೆರಿಕದ ಸಿನಿಮಾ ನಿಂತುಹೋಗಿತ್ತು. 1945ರ ನಂತರ ಅಷ್ಟು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂತು. ಟಿಕೆಟ್ ಕೊಳ್ಳುವವರು ಅದೇ ಜನ, ಪರದೆಯ ಮೇಲಿನ ಖಳರೂ ಅವರೇ. ಹಿಚ್‌ಕಾಕ್‌ನ ‘ನಟೋರಿಯಸ್’ 1951ರಲ್ಲಿ ‘ಬಿಳಿ ವಿಷ’ ಎಂಬ ಅರ್ಥದ ಹೆಸರಿನಲ್ಲಿ ಬಂತು. ವೈನ್ ಬಾಟಲಿಯಲ್ಲಿ ಯುರೇನಿಯಂ ಅಡಗಿಸಿದ ನಾಜಿಗಳು ಅದರಲ್ಲಿ ಮಾದಕ ವಸ್ತು ಸಾಗಿಸುವವರಾಗಿದ್ದರು. ಅದೇ ಸಿನಿಮಾ ಹೊಸ ಡಬ್ಬಿಂಗಿನಲ್ಲಿ, ಮೂಲ ಹೆಸರಿಗೆ ಹತ್ತಿರದ ಹೆಸರಿನಲ್ಲಿ, ನಾಜಿಗಳನ್ನು ಒಳಗೊಂಡು ಟಿವಿಗೆ ಬಂದದ್ದು 1969ರಲ್ಲಿ. ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ (1940) ಪಶ್ಚಿಮ ಜರ್ಮನಿಯ ಥಿಯೇಟರಿಗೆ ಬರಲು 1958 ಆಯಿತು. ಬರ್ಲಿನ್ನಿನ ದರ್ಜಿಯ ಮಗ ಅರ್ನ್ಸ್ಟ್ ಲುಬಿಟ್ಶ್ ಹಿಟ್ಲರನನ್ನು ಗೇಲಿ ಮಾಡಿ 1942ರಲ್ಲಿ ತೆಗೆದ ‘ಟು ಬಿ ಆರ್ ನಾಟ್ ಟು ಬಿ’ಗೆ 1960ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಲುಬಿಟ್ಶ್ ತೀರಿಕೊಂಡು ಹದಿಮೂರು ವರ್ಷ.

‘ದಿ ಸೌಂಡ್ ಆಫ್ ಮ್ಯೂಸಿಕ್’ ವಿಷಯ ನಮ್ಮವರು ನಂಬುವುದೇ ಇಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಅದರ ಹಾಡು ಬಾಯಿಪಾಠ ಮಾಡಿಕೊಂಡು ಬೆಳೆದರು. ಇಲ್ಲಿ ಆಸ್ಟ್ರಿಯಾದ ಗಡಿಯ ಪಕ್ಕದಲ್ಲೇ ಇದ್ದರೂ ಆ ಸಿನಿಮಾದ ಹೆಸರು ಕೇಳದವರೇ ಹೆಚ್ಚು. 1960ರ ದಶಕದಲ್ಲಿ ಅದು ಬಿಡುಗಡೆಯಾದಾಗ ಮ್ಯೂನಿಕ್ಕಿನ ವಿತರಣಾ ಕಚೇರಿಯವರು ಮದುವೆಗೇ ಕಥೆ ಮುಗಿಸಿ, ನಾಜಿಗಳು ಬರುವ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟಿದ್ದರು. ಅಮೆರಿಕದಿಂದ ಗದರಿಕೆ ಬಂದ ಮೇಲೆ ಅದನ್ನು ಮತ್ತೆ ಸೇರಿಸಿದರು. ನಮ್ಮ ಮನೆಗೆ ಊಟಕ್ಕೆ ಬಂದ ಜರ್ಮನ್ ಸ್ನೇಹಿತರಿಗೆ ನಮ್ಮಾಕೆ ಆ ಡಿಸ್ಕ್ ಹಾಕಿ ತೋರಿಸಿದರೆ, ಅವರಿಗೆ ಅದು ಭಾರತದಲ್ಲಿ ಯಾಕೆ ಅಷ್ಟು ಪ್ರಿಯ ಅನ್ನುವುದೇ ದೊಡ್ಡ ಒಗಟು.

ಇನ್ನು ಈ ಸಿನಿಮಾಗಳು ಮನೆಗೆ ಬಂದ ದಾರಿ. ವಿಡಿಯೋಗಿಂತ ಮೊದಲು ಸೂಪರ್ 8 ಇತ್ತು. ಹಜಾರದ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪುಟ್ಟ ಪ್ರೊಜೆಕ್ಟರಿನಲ್ಲಿ ಓಡಿಸುವುದು. ಇಡೀ ಸಿನಿಮಾ ದುಬಾರಿ, ಆದ್ದರಿಂದ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಇಳಿಸಿದ ತುಂಡು ರೀಲುಗಳು ಅಂಗಡಿಯಲ್ಲಿ ಸಿಗುತ್ತಿದ್ದವು. 1975ರಲ್ಲಿ ಕಾಸೆಲ್ ನಗರದಲ್ಲಿ ಎಕ್‌ಹಾರ್ಟ್ ಬೌಮ್ ಎಂಬವರು ‘ಫಿಲ್ಮ್-ಷಾಪ್’ ತೆರೆದು ಇಂಥ ರೀಲುಗಳನ್ನು ಬಾಡಿಗೆಗೆ ಕೊಡತೊಡಗಿದರು, ಆಮೇಲೆ ವಿಡಿಯೋ ಸೇರಿಸಿಕೊಂಡರು. ಜಗತ್ತಿನ ಮೊದಲ ವಿಡಿಯೋ ಬಾಡಿಗೆ ಅಂಗಡಿ ಅಂತ ಅದನ್ನು ಇಲ್ಲಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2017ರಲ್ಲಿ ಊರಿನ ಸಿನಿಮಾಪ್ರಿಯರ ಸಂಘವೊಂದು ಅದನ್ನು ವಹಿಸಿಕೊಂಡಿತು.

ಅದೇ 1975ರಲ್ಲಿ ಟೆಲಿಫುಂಕೆನ್ ಕಂಪನಿ ಚಿತ್ರ ತೋರಿಸುವ ತಟ್ಟೆಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಟೆಡ್. ಬಳುಕುವ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಗ್ರಾಮೊಫೋನಿನ ಹಾಗೆ ಗೆರೆ, ಅದರೊಳಗೆ ಬಣ್ಣದ ಚಿತ್ರ. ತಾಂತ್ರಿಕವಾಗಿ ಅದ್ಭುತ, ಆದರೆ ಒಂದು ತಟ್ಟೆಗೆ ಹತ್ತೇ ನಿಮಿಷ. ‘ಕಾಸಾಬ್ಲಾಂಕಾ’ ನೋಡಬೇಕಾದರೆ ಹತ್ತು ಸಲ ಎದ್ದು ಹೋಗಿ ತಟ್ಟೆ ಬದಲಿಸಬೇಕು. ಅದು ಬೇಗನೆ ಮಣ್ಣುಗೂಡಿತು. 1979ರಲ್ಲಿ ಫಿಲಿಪ್ಸ್ ಮತ್ತು ಫ್ಯೂರ್ತ್‌ನ ಗ್ರುಂಡಿಗ್ ಸೇರಿ ತಂದ ‘ವಿಡಿಯೋ 2000’ ಇನ್ನೂ ಒಳ್ಳೆಯ ಎಂಜಿನಿಯರಿಂಗ್. ಹಾಡಿನ ಕ್ಯಾಸೆಟ್ಟಿನಂತೆ ಮಗುಚಿ ಹಾಕಬಹುದು, ಬದಿಗೆ ನಾಲ್ಕು ಗಂಟೆ, ಒಟ್ಟು ಎಂಟು. ಆದರೆ ಬಾಡಿಗೆ ಅಂಗಡಿಯ ಗೋಡೆ ತುಂಬ ಇದ್ದದ್ದು ಜಪಾನಿನ ವಿಎಚ್‌ಎಸ್. 1980ರ ದಶಕದ ನಡುವೆ ಗ್ರುಂಡಿಗ್ ಕೂಡ ವಿಎಚ್‌ಎಸ್ ಮಾಡತೊಡಗಿತು. ನಮ್ಮ ಫೋರ್‌ಮನ್ ಮಾತ್ರ ‘ವಿಡಿಯೋ 2000’ ಬಿಡಲಿಲ್ಲ. ದೇಶಿ ಯಂತ್ರದ ಮೇಲಿನ ಅಭಿಮಾನ ಬೇರೆ, ಆ ಯಂತ್ರಕ್ಕೆ ಸಿನಿಮಾ ಸಿಗುವುದು ಬೇರೆ ಅನ್ನುವುದು ಅವರಿಗೂ ಗೊತ್ತಿತ್ತು.

ಆಗ ಹಳೆಯ ಸಿನಿಮಾದ ಅಚ್ಚಾದ ಕ್ಯಾಸೆಟ್ ಕೊಳ್ಳುವುದು ಸಂಬಳದವರ ಕೆಲಸವಾಗಿರಲಿಲ್ಲ. ಅವನ್ನು ಬಾಡಿಗೆ ಅಂಗಡಿಗಳಿಗೆಂದೇ ಮಾಡುತ್ತಿದ್ದರು. ಆ ಅಂಗಡಿಗಳ ಕಿಟಕಿ ಗಾಜಿಗೆ ಕಪ್ಪು ಹಾಳೆ, ಒಳಗೆ ರಕ್ತಪಾತದ್ದೂ ಇನ್ನೊಂದು ಬಗೆಯದ್ದೂ ಜಾಸ್ತಿ. 1985ರ ಏಪ್ರಿಲ್‌ನಿಂದ ಜಾರಿಗೆ ಬಂದ ಯುವಜನ ರಕ್ಷಣಾ ಕಾಯ್ದೆ, ಥಿಯೇಟರಿನ ಸಿನಿಮಾಗಳಂತೆ ಕ್ಯಾಸೆಟ್ಟಿಗೂ ವಯಸ್ಸಿನ ಮುದ್ರೆ ಕಡ್ಡಾಯ ಮಾಡಿದ್ದು ಅದಕ್ಕೇ. ಕ್ಯಾರಿ ಗ್ರಾಂಟ್‌ನನ್ನು ಹುಡುಕಿಕೊಂಡು ಅಂಥ ಅಂಗಡಿಗೆ ಹೋದವನನ್ನು ಕೌಂಟರಿನ ಹುಡುಗ ಅನುಮಾನದಿಂದ ನೋಡುತ್ತಿದ್ದ.

ನನ್ನಂಥವರನ್ನು ಬದುಕಿಸಿದ್ದು ಟಿವಿ. ಮ್ಯೂನಿಕ್ಕಿನ ಲಿಯೋ ಕಿರ್ಶ್ ಎಂಬ ವ್ಯಾಪಾರಿ 1950ರ ದಶಕದ ಕೊನೆಯಿಂದಲೇ ಹಾಲಿವುಡ್ ಸ್ಟುಡಿಯೋಗಳ ಹಳೆಯ ಸರಕನ್ನು ಕಟ್ಟುಗಟ್ಟಲೆ ಕೊಂಡು ಟಿವಿಗೆ ಮಾರುತ್ತಿದ್ದ. ಜನವರಿ 1984ರಲ್ಲಿ ಖಾಸಗಿ ವಾಹಿನಿಗಳು ಶುರುವಾದವು. ಅದೇ ವರ್ಷ ಸಾರ್ವಜನಿಕ ವಾಹಿನಿ ಎಆರ್‌ಡಿ, ಹಾಲಿವುಡ್ಡಿನ ಎಂಜಿಎಂ/ಯುಎ ಭಂಡಾರದಿಂದ ಸಾವಿರಕ್ಕೂ ಮಿಕ್ಕ ಸಿನಿಮಾಗಳ ಹಕ್ಕು ಕೊಂಡಿತು. ಇಷ್ಟು ದುಡ್ಡು ಸುರಿದದ್ದಕ್ಕೆ ಪತ್ರಿಕೆಗಳು ಟೀಕಿಸಿದವು. ನಮಗೆ ಮಾತ್ರ ಹಬ್ಬ. ಥಿಯೇಟರಿಗೇ ಬಾರದೆ ಉಳಿದಿದ್ದ 1930-40ರ ದಶಕದ ಎಷ್ಟೋ ಸಿನಿಮಾಗಳು ಮೊದಲ ಸಲ ಡಬ್ ಆಗಿ ನಡುರಾತ್ರಿಯಲ್ಲಿ ಬರತೊಡಗಿದವು. ಎಆರ್‌ಡಿ, ಇನ್ನೊಂದು ಸಾರ್ವಜನಿಕ ವಾಹಿನಿಯಾದ ಝಡ್‌ಡಿಎಫ್, ಎರಡರಲ್ಲೂ ರಾತ್ರಿ ಎಂಟರ ನಂತರ ಜಾಹೀರಾತು ಇಲ್ಲ. ಸಿನಿಮಾದ ನಡುವೆ ಸೋಪು ಮಾರುವವರು ನುಗ್ಗುತ್ತಿರಲಿಲ್ಲ.

ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಕಳ್ಳತನವೂ ಆಗಿರಲಿಲ್ಲ. ಸ್ವಂತಕ್ಕೆ ನಕಲು ಮಾಡಿಕೊಳ್ಳಿ, ಅದಕ್ಕೆ ಬದಲಾಗಿ ಯಂತ್ರದ ಬೆಲೆಯಲ್ಲೇ ಕಲಾವಿದರ ಪಾಲು ಸೇರಿರಲಿ ಅನ್ನುವ ಉಪಾಯವನ್ನು ಜರ್ಮನಿ 1965ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಬರೆದಿತ್ತು. 1985ರಲ್ಲಿ ಖಾಲಿ ಕ್ಯಾಸೆಟ್ಟಿನ ಮೇಲೂ ಸಣ್ಣ ಮೊತ್ತ ಹಾಕಿದರು. ಹೀಗಾಗಿ ನನ್ನ ಕಪಾಟಿನಲ್ಲಿರುವ ಪ್ರತಿಯೊಂದು ಕೈಬರಹದ ಕ್ಯಾಸೆಟ್ಟಿಗೂ ನಾನು ಕಾಸು ಕೊಟ್ಟಿದ್ದೇನೆ.

ಆ ರಾತ್ರಿಗಳ ತಂತ್ರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಈಗಿನವರಿಗೆ ಗೊತ್ತಿರುವುದಿಲ್ಲ. ಫುಟ್‌ಬಾಲ್ ಪಂದ್ಯ ಎಳೆದು ಸಿನಿಮಾ ಅರ್ಧ ಗಂಟೆ ತಡವಾದರೆ ಟೈಮರ್ ಹಾಕಿಟ್ಟವನ ಗತಿ ಏನು? ಕೊನೆಯ ಅರ್ಧ ಗಂಟೆ ಹೋಯಿತು. ಇದಕ್ಕೆ ಜರ್ಮನರು 1985ರಲ್ಲಿ ವಿಪಿಎಸ್ ಎಂಬ ವ್ಯವಸ್ಥೆ ತಂದರು. ಟಿವಿ ಚಿತ್ರದ ಕಣ್ಣಿಗೆ ಕಾಣದ ಗೆರೆಯೊಂದರಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಒಂದು ಸಂಕೇತ ಹೋಗುತ್ತಿರುತ್ತದೆ. ಯಂತ್ರ ಗಡಿಯಾರ ನೋಡುವುದಿಲ್ಲ, ಆ ಸಂಕೇತ ಬರುವವರೆಗೆ ಕಾದು ಕುಳಿತು, ಬಂದ ಕ್ಷಣ ಓಡತೊಡಗುತ್ತದೆ. ‘ಹೋರ್‌ತ್ಸು’ವಿನಂಥ ಟಿವಿ ವಾರಪತ್ರಿಕೆಯಲ್ಲಿ ವಿಪಿಎಸ್ ಹೊತ್ತನ್ನು ಬೇರೆಯಾಗಿಯೇ ಅಚ್ಚು ಹಾಕುತ್ತಿದ್ದರು. ಇನ್ನೊಂದು ವರ ಇದಕ್ಕೂ ಹಿಂದಿನದು. 1981ರಿಂದ ಟಿವಿಯಲ್ಲಿ ಒಂದೇ ಕಾರ್ಯಕ್ರಮಕ್ಕೆ ಎರಡು ದನಿ ಕಳಿಸುವ ಸೌಲಭ್ಯ ಬಂದಿತ್ತು. ಕೆಲವು ಸಿನಿಮಾಗಳು ಒಂದು ಚಾನೆಲಿನಲ್ಲಿ ಜರ್ಮನ್, ಇನ್ನೊಂದರಲ್ಲಿ ಮೂಲ ಇಂಗ್ಲಿಷ್ ಹೊತ್ತು ಬರುತ್ತಿದ್ದವು. ಹೈ-ಫೈ ರೆಕಾರ್ಡರ್ ಇದ್ದರೆ ಎರಡನ್ನೂ ಒಂದೇ ಟೇಪಿನಲ್ಲಿ ಹಿಡಿಯಬಹುದು. ಅಂಥದ್ದೊಂದಕ್ಕೆ ನಾನು ಎರಡು ತಿಂಗಳ ಉಳಿತಾಯ ಸುರಿದಾಗ ಮನೆಯಲ್ಲಿ ಕೆಲವು ದಿನ ಮಾತುಕತೆ ಇರಲಿಲ್ಲ.

ರೆಕಾರ್ಡಿಂಗ್ ಮುಗಿದ ಕೂಡಲೇ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಎಸಳನ್ನು ಸ್ಕ್ರೂಡ್ರೈವರಿನಿಂದ ಮುರಿಯಬೇಕು, ಆಗ ಅದರ ಮೇಲೆ ಬೇರೇನೂ ಅಚ್ಚಾಗುವುದಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಟೆಸಾ ಟೇಪು ಅಂಟಿಸಿದರೆ ಆಯಿತು. ಸಂಗ್ರಹಕಾರರ ಹಳೆಯ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಈ ಜಾಗವನ್ನೇ. ಎಸಳು ಮುರಿದಿದ್ದರೆ ಮಾಲೀಕನಿಗೆ ಆ ಸಿನಿಮಾ ಬೇಕಾಗಿತ್ತು ಅಂತ ಲೆಕ್ಕ. ಟೆಸಾ ಇದ್ದರೆ ಯಾವಾಗಲೋ ಬೇಡವಾಯಿತು. ಟೆಸಾದ ಕೆಳಗೆ ಪೆನ್ನಿನಲ್ಲಿ ಬರೆದ ಹೆಸರೊಂದು ಹೊಡೆದುಹಾಕಿದ್ದರೆ ಅಲ್ಲೊಂದು ಸಂಸಾರದ ಕಥೆಯೇ ಇರುತ್ತದೆ.

1987ರಲ್ಲಿ ರೋವೊಲ್ಟ್ ಪ್ರಕಾಶನದಿಂದ ಹತ್ತು ಸಂಪುಟಗಳ ಅಗ್ಗದ ‘ಅಂತಾರಾಷ್ಟ್ರೀಯ ಸಿನಿಮಾ ಕೋಶ’ ಬಂತು. ಕ್ಯಾಥೊಲಿಕ್ ಚರ್ಚಿನ ಮಾಧ್ಯಮ ಸಂಸ್ಥೆ ದಶಕಗಳಿಂದ ನಡೆಸಿದ ವಿಮರ್ಶೆಗಳ ಸಾರ ಅದು. ಅದರ ತೀರ್ಪುಗಳನ್ನು ನಾನು ಒಪ್ಪಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ಆದರೆ ಜರ್ಮನ್ ಹೆಸರು, ಮೂಲ ಹೆಸರು, ಬಿಡುಗಡೆ ವರ್ಷ, ಟಿವಿಗೆ ಬಂದ ವರ್ಷ, ಎಲ್ಲವೂ ಒಂದೇ ಕಡೆ ಸಿಗುತ್ತಿದ್ದದ್ದು ಅಲ್ಲೇ. ಹಿಚ್‌ಕಾಕ್‌ನ ‘ವರ್ಟಿಗೋ’ ಇಲ್ಲಿ ‘ಸತ್ತವರ ಲೋಕದಿಂದ’ ಎಂಬ ಅರ್ಥದ ಹೆಸರಿನಲ್ಲಿ ಬಂದದ್ದು. ಅದು ಗೊತ್ತಿಲ್ಲದವನು ಟಿವಿ ಪತ್ರಿಕೆಯಲ್ಲಿ ಕಣ್ಣೆದುರೇ ಇದ್ದದ್ದನ್ನು ತಪ್ಪಿಸಿಕೊಳ್ಳುತ್ತಿದ್ದ.

ನಿಮಿಷದ ಲೆಕ್ಕ ಅಂದೆನಲ್ಲ, ಅದರಲ್ಲೊಂದು ಸಿಕ್ಕು ಇದೆ. ಸಿನಿಮಾ 24 ಚಿತ್ರ ಪ್ರತಿ ಸೆಕೆಂಡಿಗೆ ಓಡುತ್ತದೆ. ವಾಲ್ಟರ್ ಬ್ರುಖ್ ಎಂಬ ಎಂಜಿನಿಯರ್ ಟೆಲಿಫುಂಕೆನ್‌ನಲ್ಲಿ ರೂಪಿಸಿದ, 1967ರಿಂದ ಪಶ್ಚಿಮ ಜರ್ಮನಿಯ ಬಣ್ಣದ ಟಿವಿಗೆ ಬಳಕೆಯಾದ ಪಾಲ್ ಪದ್ಧತಿ 25 ಚಿತ್ರದ್ದು. ಆದ್ದರಿಂದ ಟಿವಿಯಲ್ಲಿ, ವಿಎಚ್‌ಎಸ್‌ನಲ್ಲಿ, ಆಮೇಲೆ ಡಿವಿಡಿಯಲ್ಲೂ ಸಿನಿಮಾ ನೂರಕ್ಕೆ ನಾಲ್ಕು ಪಾಲು ವೇಗವಾಗಿ ಓಡುತ್ತದೆ. 102 ನಿಮಿಷದ ‘ಕಾಸಾಬ್ಲಾಂಕಾ’ ಒಂದು ಚೌಕಟ್ಟೂ ಕತ್ತರಿಸದೆ 98 ನಿಮಿಷಕ್ಕೆ ಮುಗಿಯುತ್ತದೆ. ಹೊಸ ಸಂಗ್ರಹಕಾರ 98 ನೋಡಿ ‘ನಾಲ್ಕು ನಿಮಿಷ ಕತ್ತರಿಸಿದ್ದಾರೆ’ ಅಂತ ಕೂಗಾಡುತ್ತಾನೆ, ಹಳಬ 24ನ್ನು 25ರಿಂದ ಭಾಗಿಸಿ ಸುಮ್ಮನಾಗುತ್ತಾನೆ. ನಮ್ಮಾಕೆ ಮೈಸೂರಿನವಳು, ವೀಣೆ ಕಲಿತವಳು. ರಿಕ್‌ನ ಕೆಫೆಯಲ್ಲಿ ಸ್ಯಾಮ್ ಪಿಯಾನೋ ನುಡಿಸುವುದನ್ನು ಕೇಳಿ, “ರೀ, ಶ್ರುತಿ ಏರಿದೆ” ಅಂದಳು. ಮುಕ್ಕಾಲು ಸ್ವರದಷ್ಟಲ್ಲ, ಅರ್ಧಸ್ವರಕ್ಕೂ ಕೊಂಚ ಕಡಿಮೆ. ವೇಗ ಏರಿದಂತೆ ಶ್ರುತಿಯೂ ಏರಿತ್ತು. ನಾನು ಲೆಕ್ಕ ಹಾಕಿ ಕಂಡುಕೊಂಡದ್ದನ್ನು ಅವಳು ಕಿವಿಯಲ್ಲೇ ಹಿಡಿದಿದ್ದಳು. ಬ್ಲೂ-ರೇಯಲ್ಲಿ 24 ಚಿತ್ರದ ವೇಗ ಮರಳಿ ಬಂದ ಮೇಲೆ ನಮ್ಮ ಮನೆಯಲ್ಲಿ ಸ್ಯಾಮ್ ಸರಿಯಾದ ಶ್ರುತಿಗೆ ಇಳಿದ.

ಪಾಲ್‌ನಿಂದ ಒಂದು ಉಪಕಾರವೂ ಆಯಿತು. ಭಾರತವೂ 1982ರಲ್ಲಿ ಬಣ್ಣದ ಟಿವಿಗೆ ಪಾಲ್ ಪದ್ಧತಿಯನ್ನೇ ಆರಿಸಿಕೊಂಡಿತ್ತು. ಅಮೆರಿಕದಲ್ಲಿದ್ದ ನೆಂಟರು ತಂದ ಕ್ಯಾಸೆಟ್ ಜಯನಗರದ ಯಂತ್ರದಲ್ಲಿ ಓಡುತ್ತಿರಲಿಲ್ಲ, ನಾನು ಸ್ಟುಟ್‌ಗಾರ್ಟಿನಿಂದ ಒಯ್ದದ್ದು ಓಡುತ್ತಿತ್ತು. ಎರಡು ದನಿಯ ಟೇಪಿನಲ್ಲಿ ಇಂಗ್ಲಿಷ್ ಮಾತ್ರ ಉಳಿಸಿಕೊಂಡು ನಕಲು ಮಾಡಿಕೊಂಡು ಹೋದರೆ ನಮ್ಮಣ್ಣನಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ.

ಈ ಸಿನಿಮಾಗಳನ್ನು ಮಾಡಿದವರಲ್ಲಿ ಎಷ್ಟೋ ಜನ ಇಲ್ಲಿನವರೇ ಅನ್ನುವುದು ನನಗೆ ನಾಟಿದ್ದು ಪುಸ್ತಕದಿಂದಲ್ಲ, ರೈಲಿನಿಂದ. ಸ್ಟುಟ್‌ಗಾರ್ಟಿನಿಂದ ಹೊರಟು ಉಲ್ಮ್ ದಾಟಿದರೆ ಲೌಪ್‌ಹೈಮ್ ಎಂಬ ಚಿಕ್ಕ ಊರು. ಯೂನಿವರ್ಸಲ್ ಸ್ಟುಡಿಯೋ ಕಟ್ಟಿದ ಕಾರ್ಲ್ ಲೆಮ್ಲೆ ಹುಟ್ಟಿದ್ದು ಅಲ್ಲಿ, 1867ರಲ್ಲಿ, ಯಹೂದಿ ಕುಟುಂಬದಲ್ಲಿ. ಹದಿನೇಳರ ವಯಸ್ಸಿನಲ್ಲಿ ಅಮೆರಿಕದ ಹಡಗು ಹತ್ತಿದ. ಮೊದಲ ಮಹಾಯುದ್ಧದ ನಂತರ ಹಸಿದ ಊರಿಗೆ ನೆರವು ಕಳಿಸಿದ, ಊರು ಅವನ ಹೆಸರನ್ನು ಒಂದು ಬೀದಿಗೆ ಇಟ್ಟಿತು. 1930ರಲ್ಲಿ ಅವನ ಸ್ಟುಡಿಯೋ ರೆಮಾರ್ಕ್‌ನ ಕಾದಂಬರಿಯನ್ನು ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದು ಸಿನಿಮಾ ಮಾಡಿತು. ಡಿಸೆಂಬರಿನಲ್ಲಿ ಬರ್ಲಿನ್ನಿನ ನೊಲೆಂಡಾರ್ಫ್ ಚೌಕದ ಥಿಯೇಟರಿನಲ್ಲಿ ಗೋಬೆಲ್ಸ್‌ನ ಹುಡುಗರು ಬಿಳಿ ಇಲಿಗಳನ್ನು ಬಿಟ್ಟು, ದುರ್ನಾತದ ಗೋಲಿ ಒಡೆದು ಆಟ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಸಿನಿಮಾಕ್ಕೆ ನಿಷೇಧ ಬಿತ್ತು. ಆಗ ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬಂದಿರಲಿಲ್ಲ ಅನ್ನುವುದನ್ನು ಗಮನಿಸಬೇಕು. ಬಂದ ಮೇಲೆ ಬೀದಿಯ ಹೆಸರೂ ಹೋಯಿತು. ಲೆಮ್ಲೆ ಕೊನೆಯವರೆಗೂ ಊರಿನ ಮತ್ತು ಸುತ್ತಲಿನ ನೂರಾರು ಯಹೂದಿಗಳಿಗೆ ಅಮೆರಿಕಕ್ಕೆ ಬರಲು ಜಾಮೀನು ಪತ್ರ ಬರೆದುಕೊಟ್ಟು, 1939ರಲ್ಲಿ ತೀರಿಕೊಂಡ. ಕತ್ತರಿ ಬಿದ್ದ ಭಾಗಗಳನ್ನು ಮತ್ತೆ ಕೂಡಿಸಿ, ಹೊಸದಾಗಿ ಡಬ್ ಮಾಡಿದ ‘ಆಲ್ ಕ್ವೈಟ್’ ಸಿನಿಮಾವನ್ನು ಝಡ್‌ಡಿಎಫ್ ತೋರಿಸಿದ್ದು 1984ರಲ್ಲಿ. ಈಗ ಲೌಪ್‌ಹೈಮ್‌ನ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಲೆಮ್ಲೆಗೆ ದೊಡ್ಡ ಜಾಗವಿದೆ.

ಮರಳಿ ಬಂದವರಿಗೂ ಸುಲಭವಿರಲಿಲ್ಲ. ಬರ್ಲಿನ್ನಿನಲ್ಲಿ ಪತ್ರಕರ್ತನಾಗಿದ್ದು 1933ರಲ್ಲಿ ಓಡಿಹೋದ ಬಿಲ್ಲಿ ವೈಲ್ಡರ್, 1961ರಲ್ಲಿ ಅದೇ ಊರಿನ ಬೀದಿಗಳಲ್ಲಿ ‘ಒನ್, ಟೂ, ತ್ರೀ’ ಎಂಬ ಹಾಸ್ಯ ಸಿನಿಮಾ ತೆಗೆಯುತ್ತಿದ್ದ. ಚಿತ್ರೀಕರಣದ ನಡುವೆಯೇ ಆಗಸ್ಟ್ 13ರಂದು ಬರ್ಲಿನ್ ಗೋಡೆ ಎದ್ದಿತು. ಬ್ರಾಂಡೆನ್‌ಬುರ್ಗ್ ದ್ವಾರದ ಪ್ರತಿಯನ್ನು ಮ್ಯೂನಿಕ್ ಬಳಿಯ ಸ್ಟುಡಿಯೋದಲ್ಲಿ ಕಟ್ಟಿ ಮುಗಿಸಬೇಕಾಯಿತು. ಗೋಡೆಯ ನೋವು ಹಸಿಯಾಗಿದ್ದಾಗ ಯಾರೂ ನಗಲಿಲ್ಲ, ಸಿನಿಮಾ ಬಿದ್ದುಹೋಯಿತು. 1985ರಲ್ಲಿ ಮತ್ತೆ ಬಿಡುಗಡೆಯಾದಾಗ ಪಶ್ಚಿಮ ಬರ್ಲಿನ್ನಿನ ಜನ ಸಾಲು ನಿಂತು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲೂ ಅದರದೇ ಮಾತು. ಒಂದು ಸಿನಿಮಾಕ್ಕೆ ತನ್ನ ಪ್ರೇಕ್ಷಕರು ಸಿಗಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

1990ರ ದಶಕದ ಕೊನೆಗೆ ಡಿವಿಡಿ ಬಂತು. ಜರ್ಮನ್, ಇಂಗ್ಲಿಷ್ ಎರಡೂ ಒಂದೇ ತಟ್ಟೆಯಲ್ಲಿ, ಬೇಕಾದ್ದನ್ನು ಗುಂಡಿ ಒತ್ತಿ ಆರಿಸಿಕೊಳ್ಳಬಹುದು. ‘ಯಾರ ದನಿ’ ಎಂಬ ಜಗಳ ಮುಗಿಯಿತು ಅಂದುಕೊಂಡೆವು. ಬದಲಿಗೆ ‘ಯಾವ ಜರ್ಮನ್ ದನಿ’ ಎಂಬ ಜಗಳ ಶುರುವಾಯಿತು. ಲಾರೆಲ್ ಮತ್ತು ಹಾರ್ಡಿಯನ್ನೇ ನೋಡಿ. ಮಾತಿನ ಸಿನಿಮಾ ಹೊಸದಾಗಿದ್ದ 1930-31ರಲ್ಲಿ ಅವರಿಬ್ಬರೂ ಒಂದಕ್ಷರ ಜರ್ಮನ್ ಬಾರದಿದ್ದರೂ ಉಚ್ಚಾರ ಬರೆದಿಟ್ಟುಕೊಂಡು ಜರ್ಮನ್‌ನಲ್ಲೇ ನಟಿಸಿದ್ದರು. ಆಮೇಲೆ ದಶಕಕ್ಕೊಂದರಂತೆ ಬೇರೆ ಬೇರೆ ಡಬ್ಬಿಂಗು ಬಂದವು. ಪ್ರತಿ ತಲೆಮಾರಿಗೂ ತಾನು ಬಾಲ್ಯದಲ್ಲಿ ಕೇಳಿದ್ದೇ ನಿಜವಾದ ಲಾರೆಲ್. 2000ದ ನಂತರ ಕಿನೋವೆಲ್ಟ್ ಸಂಸ್ಥೆ ತಂದ ಡಿವಿಡಿಗಳಲ್ಲಿ ಈ ದನಿಗಳನ್ನು ಹುಡುಕಿ ಜೋಡಿಸಿದ್ದರು. ಅಂಥ ಕೆಲಸಕ್ಕೆ ಕೆಲವೊಮ್ಮೆ ಆಸರೆಯಾದದ್ದು ಖಾಸಗಿ ಸಂಗ್ರಹಕಾರರ ಪೆಟ್ಟಿಗೆಗಳೇ. 2005ರಲ್ಲಿ ‘ಜ್ಯೂಡ್‌ಡಾಯ್ಚ ತ್ಸೈಟುಂಗ್’ ಪತ್ರಿಕೆ ತನ್ನ ವಿಮರ್ಶಕರು ಆರಿಸಿದ ಸಿನಿಮಾಗಳನ್ನು ಹತ್ತು ಯೂರೋಗೂ ಕಡಿಮೆ ಬೆಲೆಗೆ ಮಾರತೊಡಗಿತು. ಪುಸ್ತಕದಂಗಡಿಯಲ್ಲಿ ಸಿನಿಮಾ ಸಿಗುವಂತಾಯಿತು, ಮೇಷ್ಟರುಗಳ ಮನೆಯ ಕಪಾಟಿಗೂ ಹಾಲಿವುಡ್ ಏರಿತು.

2008ರಲ್ಲಿ ಇನ್ನೊಂದು ಕಾನೂನು. ವಯಸ್ಸಿನ ಮುದ್ರೆ ಪೆಟ್ಟಿಗೆಯ ಮುಂಭಾಗದಲ್ಲಿ ಎಡಗಡೆ ಕೆಳಗೆ ಕನಿಷ್ಠ 1200 ಚದರ ಮಿಲಿಮೀಟರ್ ಇರಬೇಕು. ಆರು ವರ್ಷಕ್ಕೆ ಹಳದಿ, ಹನ್ನೆರಡಕ್ಕೆ ಹಸಿರು, ಹದಿನಾರಕ್ಕೆ ನೀಲಿ. ರಿಕ್‌ನ ಪಾತ್ರ ಮಾಡಿದ ಬೋಗಾರ್ಟ್‌ನ ಕೋಟಿನ ಮೇಲೆ ಬಣ್ಣದ ಚೌಕ ಬಿದ್ದದ್ದು ನೋಡಿ ಸಂಗ್ರಹಕಾರರು ಗೋಳಾಡಿದರು. ಕಂಪನಿಗಳು ಜಾಣತನ ತೋರಿದವು. ಮುಖಪುಟದ ಕಾಗದವನ್ನು ಎರಡೂ ಬದಿ ಅಚ್ಚು ಹಾಕಿದರು. ಅಂಗಡಿಯಲ್ಲಿ ಮುದ್ರೆಯ ಬದಿ ಹೊರಗೆ, ಮನೆಗೆ ತಂದ ಮೇಲೆ ಕಾಗದ ಎಳೆದು ಮಗುಚಿ ಸಿಕ್ಕಿಸಿದರೆ ಮುದ್ರೆ ಮಾಯ. ನನ್ನ ಸ್ನೇಹಿತರೆಲ್ಲ ಡಿಸ್ಕ್ ನೋಡುವ ಮೊದಲು ಮಾಡುವ ಕೆಲಸ ಇದೇ. ಆಮೇಲೆ ಮ್ಯೂನಿಕ್ ಪಕ್ಕದ ಪ್ಲಾನೆಗ್‌ನ ಕೋಖ್ ಮೀಡಿಯಾದಂಥವರು ಹಳೆಯ ವೆಸ್ಟರ್ನ್ ಮತ್ತು ಪತ್ತೇದಾರಿ ಸಿನಿಮಾಗಳನ್ನು ಕಿರುಪುಸ್ತಕದ ಸಮೇತ ತಂದರು.

ಈಗ ಡಿಸ್ಕಿನ ಅಂಗಡಿಗಳೂ ಮುಚ್ಚುತ್ತಿವೆ. ಸ್ಟ್ರೀಮಿಂಗ್‌ನಲ್ಲಿ ಹಳೆಯ ಸಿನಿಮಾ ಇದ್ದರೂ ಒಂದೇ ರೂಪದಲ್ಲಿ ಇರುತ್ತದೆ: ಸ್ಟುಡಿಯೋ ಕಳಿಸಿದ ಚೊಕ್ಕ ಪ್ರತಿ, ಅದಕ್ಕೆ ಕೈಗೆ ಸಿಕ್ಕ ಒಂದು ಡಬ್ಬಿಂಗು. ಚೊಕ್ಕ ಪ್ರತಿ ಬೇಡ ಅನ್ನುವವನು ನಾನಲ್ಲ. ಆದರೆ ಅದನ್ನು ನೋಡಿದವನಿಗೆ 1952ರಲ್ಲಿ ಇಲ್ಲಿನ ಜನ ಏನು ನೋಡಿದರು, ಏನನ್ನು ನೋಡದಂತೆ ಮಾಡಲಾಯಿತು ಅನ್ನುವ ಸುಳಿವೇ ಸಿಗುವುದಿಲ್ಲ. ಮೂಲ ನೆಗೆಟಿವ್ ಕಾಪಾಡಲು ಅಮೆರಿಕದಲ್ಲಿ ಜನರಿದ್ದಾರೆ. ತಪ್ಪು ಪ್ರತಿ, ತುಂಡು ಪ್ರತಿ, ಕದ್ದುಮುಚ್ಚಿದ ಪ್ರತಿಗಳನ್ನು ಇಟ್ಟುಕೊಂಡವರು ಇಲ್ಲಿನ ನೆಲಮಾಳಿಗೆಗಳ ಹುಚ್ಚರು. ಇತಿಹಾಸ ಇರುವುದು ಆ ಪ್ರತಿಗಳಲ್ಲೇ.

ಸ್ಟುಟ್‌ಗಾರ್ಟಿನ ಕಾರ್ಲ್ಸ್ ಚೌಕದಲ್ಲಿ ಶನಿವಾರದ ಹಳೆಸಾಮಾನು ಸಂತೆಯಲ್ಲಿ ತಿರುಗಾಡುವಾಗ ನಾನು ಅಚ್ಚಾದ ಕ್ಯಾಸೆಟ್ಟನ್ನು ಈಗ ಮುಟ್ಟುವುದಿಲ್ಲ. ಕೈಬರಹದ್ದನ್ನು ಮಾತ್ರ ಎತ್ತಿ, ಕಿಟಕಿಯಲ್ಲಿ ಟೇಪಿನ ಅಂಚು ನೋಡುತ್ತೇನೆ. ಬಿಳಿ ಪುಡಿಯಂತೆ ಬೂಷ್ಟು ಕಂಡರೆ ಇಟ್ಟುಬಿಡುತ್ತೇನೆ, ಅದನ್ನು ಹಾಕಿದರೆ ಯಂತ್ರದ ಹೆಡ್ ಹಾಳು. ಚೊಕ್ಕವಿದ್ದರೆ ಕೊಳ್ಳುತ್ತೇನೆ. ಹೊಸ ವಿಎಚ್‌ಎಸ್ ರೆಕಾರ್ಡರ್ ತಯಾರಿಕೆ 2016ರಲ್ಲೇ ನಿಂತಿದೆ. ಇರುವ ಯಂತ್ರಗಳ ರಬ್ಬರ್ ಬೆಲ್ಟು ಬದಲಿಸುವುದು ನನ್ನ ನಿವೃತ್ತ ಜೀವನದ ಮುಖ್ಯ ಕಸುಬಾಗಿದೆ.

ಊರಿಗೆ ಬಂದಾಗ ಇದನ್ನೆಲ್ಲ ಹೇಳಿದರೆ, “ಜರ್ಮನರಿಗೆ ಕೆಲಸವಿಲ್ಲ” ಅಂತ ನಗುತ್ತಾರೆ. ನಗುವ ಮೊದಲು ನಮ್ಮದನ್ನು ನೋಡಿಕೊಳ್ಳಬೇಕು. 1934ರ ‘ಸತಿ ಸುಲೋಚನಾ’, ಕನ್ನಡದ ಮೊದಲ ಮಾತಿನ ಸಿನಿಮಾ, ಅದರ ಒಂದು ಪ್ರತಿಯೂ ಉಳಿದಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. ಅಲ್ಲಿ ಬಂದ ಸಿನಿಮಾ, ನಾಟಕ, ಸಂದರ್ಶನಗಳನ್ನು ಮನೆಯ ವಿಸಿಆರ್‌ನಲ್ಲಿ ಹಿಡಿದಿಟ್ಟುಕೊಂಡವರು ನಮ್ಮಲ್ಲೂ ಇದ್ದರು. ಆ ಕ್ಯಾಸೆಟ್ಟುಗಳು ಮಲ್ಲೇಶ್ವರ, ಬಸವನಗುಡಿ, ಮೈಸೂರಿನ ಅಟ್ಟಗಳಲ್ಲಿ ಇನ್ನೂ ಇರಬಹುದು. ಮನೆ ಖಾಲಿ ಮಾಡುವಾಗ ಹಳೆ ಪೇಪರಿನವನಿಗೆ ಹಾಕುವ ಮೊದಲು ಬೆನ್ನಿನ ಮೇಲಿನ ಬರಹ ಓದಿ, ಎಸಳು ಮುರಿದಿದೆಯೋ ನೋಡಿ. ಮುರಿದಿದ್ದರೆ ಯಾರೋ ಅದನ್ನು ಉಳಿಸಬೇಕು ಅಂದುಕೊಂಡಿದ್ದರು ಅಂತ ತಿಳಿದು, ಓಡುವ ಯಂತ್ರ ಇರುವವರ ಕೈಗೆ ಕೊಡಿ.